ಇಳಿದುಕೊಳ್ಳಲು ಶಾಂತವಾದ ಕೇರಿ

ಬುಖಾರಾ
ಏಪ್ರಿಲ್ ೧೯

ದಿಲ್ರಬೋಳ ಅಪ್ಪನವರಿಗೆ,

ನಿಮ್ಮ ಅಮ್ಮನ ಮೊಣಕಾಲುಗಳನ್ನು ಬಿಟ್ಟರೆ ಇಲ್ಲಿ ಎಲ್ಲವೂ ಕ್ಷೇಮ. ಅವರ ಬಾಯಿಯಂತೂ ಮೊದಲಿಗಿಂತ ಕ್ಷೇಮ.

ನಮ್ಮ ಅತಿಥಿಗೃಹದ ನಂಬರಿಗೆ ನೀವು ಕಳಿಸಿದ ಸಂದೇಶ ತಲುಪಿತು. ಜೂನ್ ಮೊದಲ ವಾರ ಬುಖಾರಾಕ್ಕೆ ಬರುತ್ತಿದ್ದೀರಿ, ಒಬ್ಬರೇ, ಹಳೆಯ ಊರನ್ನು ನೋಡಬೇಕು, ಇಳಿದುಕೊಳ್ಳಲು ಶಾಂತವಾದ ಕೇರಿ ಯಾವುದೆಂದು ದಯವಿಟ್ಟು ತಿಳಿಸಬೇಕು. ಕೆಳಗೆ ಪೂರ್ತಿ ಹೆಸರು, ನೇಮತ್ ಖೋಜಾಯೇವ್, ಸಮರ್ಕಂದ್. ಹುಟ್ಟಿ, ತಲೆ ನರೆಯುವ ತನಕ ಬದುಕಿದ ಊರನ್ನು ನೋಡಲು ಬರುತ್ತೇನೆ ಎಂದಿದ್ದೀರಿ. ಓದಿದಾಗ ನನಗೆ ನಗು ಬರಲಿಲ್ಲ. ನಗುವ ಕೆಲಸವನ್ನೆಲ್ಲ ನಿಮ್ಮ ಮಗಳೇ ಮಾಡಿ ಮುಗಿಸಿದ್ದಳು.

ಗಿರಾಕಿಗಳ ಫೋನು ಅವಳ ಕೈಯಲ್ಲಿರುತ್ತದೆ. ನಾನು ಅಂಗಳದಲ್ಲಿ ಹಾಸಿಗೆಯ ಹೊದಿಕೆಗಳನ್ನು ಒಣಹಾಕುತ್ತಿದ್ದಾಗ ಬಂದು, "ಅಮ್ಮಾ, ಸಮರ್ಕಂದ್‌ನಿಂದ ಒಬ್ರು ಗಿರಾಕಿ. ಶಾಂತವಾದ ಜಾಗ ಬೇಕಂತೆ. ಹೆಸರು ಸ್ವಲ್ಪ ನೋಡು, ಎಲ್ಲೋ ಕೇಳಿದ ಹಾಗಿದೆ" ಎಂದಳು. ನೀನೇ ಏನಾದರೂ ಬರೆದು ಕಳಿಸು ಎಂದೆ. "ನಾನ್ಯಾಕೆ ಬರೀಲಿ? ಮಾಲಕಿ ನೀನು. ಬೇಗ ಉತ್ತರ ಕೊಡು, ತಡ ಮಾಡಿದ್ರೆ ನಕ್ಷತ್ರ ಕಮ್ಮಿ ಮಾಡ್ತಾರೆ" ಎಂದು ಫೋನನ್ನು ಒದ್ದೆ ಹೊದಿಕೆಯ ಮೇಲಿಟ್ಟು ಹೋದಳು. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಬರೆದರೆ ಅವಳು ತಿದ್ದುತ್ತಾಳೆ.

ಕೇರಿಗಳ ವಿಚಾರಕ್ಕೆ ಬರುವ ಮೊದಲು ನಿಮಗೊಂದು ಸಂಗತಿ ತಿಳಿದಿರಬೇಕು. ಬುಖಾರಾದ ಮಟ್ಟಿಗೆ ನೀವು ಸಮರ್ಕಂದ್‌ನಲ್ಲಿ ನಿಮ್ಮ ಅಕ್ಕನ ಮನೆಯಲ್ಲಿಲ್ಲ. ಒಂಬತ್ತು ವರ್ಷದಿಂದ ರಷ್ಯಾದಲ್ಲಿದ್ದೀರಿ. ಚೆಲ್ಯಾಬಿನ್ಸ್ಕ್‌ನಲ್ಲಿ, ಕೊಳವೆಗಳ ಕಾರ್ಖಾನೆಯೊಂದರಲ್ಲಿ, ಒಳ್ಳೆಯ ಸ್ಥಾನದಲ್ಲಿ.

ಇದನ್ನು ನಾನು ಕಟ್ಟಿದ್ದಲ್ಲ. ನೀವು ಹೋದ ಬೆಳಿಗ್ಗೆ ನೆನಪಿರಬೇಕು. ಮನೆಯನ್ನು ಅತಿಥಿಗೃಹ ಮಾಡೋಣ ಎಂದು ನಾನು, ಕೂಡದು ಎಂದು ನೀವು. "ಯಾವನೋ ಜರ್ಮನ್ ಬಂದು ನನ್ನ ಹಾಸಿಗೇಲಿ ಕಾಲು ಚಾಚಬೇಕಾ? ಹಣ ಕೊಟ್ಟು ಮಲಗೋ ಮನೇಲಿ ನಾನಿರಲ್ಲ" ಎಂದಿರಿ. ನಾನು ಚಹಾ ಸುರಿದೆ. ಬಟ್ಟಲು ಅಂಚಿನ ತನಕ ತುಂಬಿತು. ನಮ್ಮ ಕಡೆ ಬಟ್ಟಲು ತುಂಬಿಸಿ ಕೊಡುವುದೆಂದರೆ ಎದ್ದು ಹೊರಡಿ ಎಂದು. ನೀವು ಬಟ್ಟಲನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಕೈಯಲ್ಲಿದ್ದ ರೊಟ್ಟಿಯನ್ನು ಒಮ್ಮೆ ಕಚ್ಚಿ, ಉಳಿದದ್ದನ್ನು ಊಟದ ಹಾಸುಬಟ್ಟೆಯ ಮೇಲೆ ಹಾಕಿ ಎದ್ದಿರಿ. ನಾನು ಬೇಕೆಂದೇ ತುಂಬಿಸಿದೆನೋ, ಜಗಳದ ಗುಂಗಿನಲ್ಲಿ ಕೈ ನಿಲ್ಲಲಿಲ್ಲವೋ, ಇದನ್ನು ನನ್ನನ್ನೇ ಹಲವು ಸಲ ಕೇಳಿಕೊಂಡಿದ್ದೇನೆ. ಕೈಗೆ ಗೊತ್ತಿರಬಹುದು, ನನಗೆ ಗೊತ್ತಿಲ್ಲ.

ನೀವು ಬಾಗಿಲು ದಾಟುತ್ತಲೇ ನಿಮ್ಮ ಅಮ್ಮ ಆ ಕಚ್ಚಿದ ರೊಟ್ಟಿಗೆ ದಾರ ಕಟ್ಟಿ ಜಗಲಿಯ ಮೊಳೆಗೆ ನೇತುಹಾಕಿದರು. ದೂರ ಹೊರಟವನು ಕಚ್ಚಿಟ್ಟ ರೊಟ್ಟಿಯನ್ನು ಹಾಗೆ ತಾನೇ ಕಾದಿಡುವುದು, ಅವನು ಮರಳಿ ಬಂದು ತಿಂದು ಮುಗಿಸಲಿ ಎಂದು. ಇದು ಪ್ರಯಾಣ ಅಲ್ಲ ಅತ್ತೆ, ಜಗಳ ಎಂದೆ. ಅವರು ಹೇಳಿದ್ದು ಹೀಗೆ: "ಜಗಳ ಆಡಿ ಹೋದ ಅಂದ್ರೆ ಹೋದ. ರೊಟ್ಟಿ ಕಚ್ಚಿ ಹೋದ ಅಂದ್ರೆ ಬರ್ತಾನೆ. ನೀನು ಸುಮ್ನಿರು."

ಸ್ವಲ್ಪ ಹೊತ್ತಿಗೆ ಎದುರುಮನೆಯ ಮುಹಬ್ಬತ್ ಜರಡಿ ಕೇಳಲು ಬಂದಳು, ಮೊಳೆಯನ್ನು ಕಂಡಳು. "ಅಯ್ಯೋ, ನೇಮತಣ್ಣ ಹೊರಟೇ ಬಿಟ್ರಾ! ಒಂದ್ ಮಾತೂ ಹೇಳ್ಲಿಲ್ವಲ್ಲೇ! ರಷ್ಯಾಕ್ಕಾ?" ಎಂದಳು. "ಮತ್ತೇನು ಚಂದ್ರಲೋಕಕ್ಕಾ?" ಎಂದರು ನಿಮ್ಮ ಅಮ್ಮ. ಅಷ್ಟೇ ಮಾತು. ಪ್ರತಿ ಮನೆಯಿಂದ ಒಬ್ಬ ಗಂಡಸು ರಷ್ಯಾಕ್ಕೆ ಹೋಗಿರುವ ಮೊಹಲ್ಲಾದಲ್ಲಿ ಬೇರೆ ಯಾರು ಏನನ್ನು ಊಹಿಸುತ್ತಾರೆ? ಮಧ್ಯಾಹ್ನದ ನಮಾಜಿನ ಹೊತ್ತಿಗೆ ಊರಿನ ಹೆಸರು ಬಂತು, ಸಂಜೆಗೆ ಕಾರ್ಖಾನೆ ಬಂತು. ನಿಮಗೆ ಬಡ್ತಿ ಕೊಟ್ಟಿದ್ದು ಮಾತ್ರ ಮಾರನೆಯ ವರ್ಷ.

ಶುಕ್ರವಾರ ನೀವು ಫೋನು ಮಾಡಿದಾಗಲೆಲ್ಲ ಅಮ್ಮ "ಅಲ್ಲಿ ಹಿಮ ಬಿದ್ದಿದೆಯೇನಪ್ಪಾ?" ಎಂದು ಕೂಗಿ ಕೇಳುತ್ತಾರಲ್ಲ, ಅವರಿಗೆ ಮರೆವು ಶುರುವಾಯಿತೇ ಎಂದು ದಿಲ್ರಬೋಳನ್ನು ವಿಚಾರಿಸಿದ್ದಿರಂತೆ. ಮರೆವಲ್ಲ. ಆ ಹೊತ್ತಿಗೆ ಮುಹಬ್ಬತ್ ಜಗಲಿಯಲ್ಲಿ ಕೂತಿರುತ್ತಾಳೆ. ಕಳೆದ ಆಗಸ್ಟ್‌ನಲ್ಲಿ ನೀವು "ಇಲ್ಲಮ್ಮ, ಸೆಕೆ" ಎಂದಿರಿ. ಅಮ್ಮ ಫೋನಿಟ್ಟು ಅವಳಿಗೆ, "ಮೊಣಕಾಲುದ್ದ ಬಿದ್ದಿದೆಯಂತೆ" ಎಂದರು.

ಚಕ್ಕಡಿ ಹೊಡೆಯುವ ಹಕೀಮ ಒಮ್ಮೆ ಸಮರ್ಕಂದ್‌ನ ಸಂತೆಯಲ್ಲಿ ನಿಮ್ಮನ್ನು ಕಂಡು ಬಂದು ಆಣೆ ಹಾಕಿದ. ಕಲ್ಲಂಗಡಿ ತಟ್ಟಿ ನೋಡುತ್ತಿದ್ದಿರಂತೆ. "ಆ ಮೂಗು ನಂಗೊತ್ತಿಲ್ವಾ ಅಜ್ಜಿ?" ಎಂದ. ಅಮ್ಮ ಅವನಿಗೆ ಬಟ್ಟಲು ತುಂಬ ಚಹಾ ಕೊಟ್ಟರು.

ಇನ್ನು ಕೇರಿಗಳು. ಎಲ್ಲ ಅತಿಥಿಗಳಿಗೆ ಬರೆಯುವ ಹಾಗೆ ಪ್ರಾಮಾಣಿಕವಾಗಿ ಬರೆಯುತ್ತೇನೆ.

ಹೊಸಬರಿಗೆ ಎಲ್ಲರೂ ಹೇಳುವುದು ಲಬಿ ಹೌಜ್. ಕೊಳ, ಹಿಪ್ಪುನೇರಳೆ ಮರಗಳು, ಎಲ್ಲಿಗೆ ಬೇಕಾದರೂ ನಡೆದೇ ಹೋಗಬಹುದು. ಆದರೆ ಮರದಡಿಯ ಮಂಚದ ಮೇಲೆ ನಿಮ್ಮ ಪಗಡೆಯ ಗೆಳೆಯರು ಈಗಲೂ ಕೂರುತ್ತಾರೆ. ಅವರಲ್ಲಿ ಇಬ್ಬರು ತಮ್ಮ ಗಂಡುಮಕ್ಕಳಿಗೆ ನಿಮ್ಮ ಕಾರ್ಖಾನೆಯಲ್ಲಿ ಕೆಲಸ ಕೇಳಿ ನನ್ನ ಹತ್ತಿರ ಬಂದು ಹೋಗಿದ್ದಾರೆ. ನೀವು ಚೀಲ ಹಿಡಿದು ಅಲ್ಲಿ ದಾಟಿದರೆ ಮೊದಲು ಅಪ್ಪುತ್ತಾರೆ, ಆಮೇಲೆ ಅರ್ಜಿ ಕೊಡುತ್ತಾರೆ. ಶಾಂತಿ ಎಂದು ಕೇಳಿದ್ದೀರಲ್ಲ, ಅದು ಅಲ್ಲಿಲ್ಲ.

ಕೊಳದ ಹಿಂದಿನ ಯಹೂದಿ ಕೇರಿ ನನಗೆ ಇಷ್ಟ. ದಪ್ಪ ಗೋಡೆ, ತಂಪು ಕೋಣೆ. ಆದರೆ ಓಣಿ ಎಷ್ಟು ಕಿರಿದು ಎಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಒರಗಿದ ಮೇಲೆ ಸುಮ್ಮನೆ ಹೋಗಲಾಗುತ್ತದೆಯೇ? ಆರೋಗ್ಯ ಕೇಳಬೇಕು, ಮಕ್ಕಳನ್ನು ಕೇಳಬೇಕು, ಚೆಲ್ಯಾಬಿನ್ಸ್ಕ್‌ನ ಹವೆ ಕೇಳಬೇಕು. ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಗಾಗುತ್ತದೆ.

ಕೋಟೆಯ ಕಡೆ ಜುಲ್ಹುಮೋರ್ ಒಂದು ಅತಿಥಿಗೃಹ ತೆರೆದಿದ್ದಾಳೆ. ಹೌದು, ಅದೇ ಜುಲ್ಹುಮೋರ್, ನನಗಿಂತ ಮೊದಲು ನಿಮ್ಮ ಅಮ್ಮ ಹೆಣ್ಣು ನೋಡಿ ಬಂದಿದ್ದವಳು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಜಾಗ ಚೆನ್ನಾಗಿದೆ, ಸಂಜೆ ಮಾಳಿಗೆಯ ಮೇಲಿಂದ ಕೋಟೆಯ ಗೋಡೆ ಬಂಗಾರದ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಬೆಳಗಿನ ಊಟಕ್ಕೆ ಹಾಸುಬಟ್ಟೆ ಕಾಣದಷ್ಟು ತಟ್ಟೆಗಳನ್ನು ಇಡುತ್ತಾಳೆ. ಅತಿಥಿಗಳ ಪಕ್ಕದಲ್ಲೇ ಕೂತು ಉಪಚಾರ ಮಾಡುತ್ತಾಳೆ. ಇದನ್ನೆಲ್ಲ ನಾನು ಹೊಟ್ಟೆಯುರಿಯಿಂದ ಬರೆಯುತ್ತಿಲ್ಲ. ಹಾಸಿಗೆ ತೆಳು ಎಂಬುದಷ್ಟೇ ನನ್ನ ಆಕ್ಷೇಪಣೆ. ನಿಮ್ಮ ಬೆನ್ನಿಗೆ ಆಗುವುದಿಲ್ಲ. ನಮ್ಮಲ್ಲಿ ಉಳಿದು ಹೋದ ಒಬ್ಬ ಕೊರಿಯಾದವನು ಅಲ್ಲಿ ಮಲಗಿ ಬೆನ್ನು ಹಿಡಿದುಕೊಂಡು ಬಂದಿದ್ದ. ಬೆನ್ನು ಮೊದಲಿನಿಂದಲೂ ಹಿಡಿದಿತ್ತು ಎಂದು ದಿಲ್ರಬೋ ಹೇಳುತ್ತಾಳೆ. ಇರಬಹುದು. ನಾನು ಆ ಕೇರಿಯನ್ನು ಶಿಫಾರಸು ಮಾಡಲಾರೆ.

ಹೊಸ ಊರಿನಲ್ಲಿ ದೊಡ್ಡ ಹೋಟೆಲುಗಳಿವೆ, ಲಿಫ್ಟ್ ಇದೆ, ಯಾರೂ ಯಾರನ್ನೂ ಕೇಳುವುದಿಲ್ಲ. ನಿಮ್ಮ ಗುಟ್ಟಿಗೆ ಅದೇ ಸರಿ. ಆದರೆ ಊರು ನೋಡಲು ಬಂದು ಊರಿಗೆ ಬೆನ್ನು ಹಾಕಿ ಮಲಗಿದಂತೆ. ಕಾಗಾನ್‌ನಲ್ಲಿ ರೈಲು ನಿಲ್ದಾಣದ ಎದುರೇ ಕೋಣೆ ಸಿಗುತ್ತದೆ. ಅಲ್ಲಿ ಉಳಿಯುವ ಮನಸ್ಸಿದ್ದರೆ ನೀವು ಸಮರ್ಕಂದ್‌ನಲ್ಲೇ ಉಳಿಯಬಹುದು, ಟಿಕೆಟ್ಟಾದರೂ ಮಿಗುತ್ತದೆ.

ಉಳಿದದ್ದು ನಮ್ಮ ಕೇರಿ. ಅದರ ಬಗ್ಗೆ ಬರೆಯದಿದ್ದರೆ ಅಪ್ರಾಮಾಣಿಕತೆಯಾದೀತು. ಬರೆದರೆ ಇನ್ನೊಂದು ಬಗೆಯ ಅಪ್ರಾಮಾಣಿಕತೆಯಾಗುತ್ತದೋ ಏನೋ. ದೋಷಗಳನ್ನೇ ಮೊದಲು ಹೇಳುತ್ತೇನೆ. ಮಧ್ಯಾಹ್ನ ನೀರು ಸಣ್ಣಗೆ ಬರುತ್ತದೆ. ಜೂನ್‌ನಲ್ಲಿ ಜರ್ದಾಳು ಹಣ್ಣು ತಲೆಯ ಮೇಲೆ ಬೀಳುತ್ತದೆ. ಅಮ್ಮ ಗೊರಕೆ ಹೊಡೆಯುತ್ತಾರೆ, ಹೊಡೆಯುವುದಿಲ್ಲ ಎಂದು ಜಗಳವನ್ನೂ ಆಡುತ್ತಾರೆ. ಮಾಲಕಿ ಮಾತು ಕಡಿಮೆ ಎಂದು ಒಬ್ಬರು ಬರೆದಿದ್ದಾರೆ. ಜರ್ದಾಳು ಮರದ ಪಕ್ಕದ ಕೋಣೆಯನ್ನು ಮಾತ್ರ ಎಲ್ಲರೂ ಹೊಗಳುತ್ತಾರೆ. ನೀವು ಮಲಗುತ್ತಿದ್ದ ಕೋಣೆ ಅದು. ಒಬ್ಬ ಜರ್ಮನ್ ಅಲ್ಲಿ ಕಾಲು ಚಾಚಿದ್ದೂ ನಿಜ. ಉದ್ದನೆಯ ಕಾಲು, ಪಾಪ, ಮಂಚದ ಆಚೆಗೆ ಬಂದಿತ್ತು. ಹಾಸಿಗೆ ನಿಮ್ಮದಲ್ಲ, ನಿಮ್ಮದನ್ನು ಸುತ್ತಿ ಮಾಳಿಗೆಯಲ್ಲಿಟ್ಟಿದ್ದೆ. ಮೊನ್ನೆ ಬಿಸಿಲಿಗೆ ಹಾಕಿದೆ. ಬಿಸಿಲು ಚೆನ್ನಾಗಿತ್ತು, ಬೇರೆ ಕಾರಣವಿಲ್ಲ.

ಜೂನ್ ಮೊದಲ ವಾರ ಆ ಕೋಣೆ ಖಾಲಿ ಇಲ್ಲ ಎಂದು ದಿಲ್ರಬೋ ಫೋನಿನಲ್ಲಿ ಹಾಕಿಬಿಟ್ಟಿದ್ದಾಳೆ. ಹಾಕು ಎಂದು ನಾನು ಹೇಳಲಿಲ್ಲ. ತೆಗೆ ಎಂದೂ ಹೇಳಲಿಲ್ಲ.

ಒಂದು ವೇಳೆ ನಮ್ಮ ಕೇರಿಯನ್ನೇ ಆರಿಸಿಕೊಳ್ಳುವುದಾದರೆ ಕೆಲವು ಸೂಚನೆಗಳಿವೆ. ಕಾಗಾನ್‌ನಲ್ಲಿ ರೈಲಿಳಿದ ಕೂಡಲೇ ಉಣ್ಣೆಯ ಕೋಟು ಹಾಕಿಕೊಳ್ಳಿ. ಜೂನ್ ತಿಂಗಳು, ಬೇಯುತ್ತೀರಿ, ಗೊತ್ತು. ಆದರೆ ಒಂಬತ್ತು ವರ್ಷ ಹಿಮದಲ್ಲಿದ್ದವರು ತೆಳು ಅಂಗಿಯಲ್ಲಿ ಬಂದರೆ ಮುಹಬ್ಬತ್ ಏನೆಂದುಕೊಳ್ಳಬೇಕು? ಮೊಹಲ್ಲಾದ ಮಕ್ಕಳಿಗೆ ರಷ್ಯಾದ ಚಾಕೊಲೇಟು ತನ್ನಿ. ಪ್ರತಿ ಹೊಸ ವರ್ಷಕ್ಕೆ ಇಲ್ಲಿನ ಅಂಗಡಿಯಲ್ಲೇ ಕೊಂಡು ನಿಮ್ಮ ಹೆಸರಿನಲ್ಲಿ ಹಂಚಿದ್ದೇನೆ, ಕರಡಿಯ ಚಿತ್ರವಿರುವುದು, ಅದೇ ಇರಲಿ. ಕೊಳವೆಗಳ ಬಗ್ಗೆ ಏನಾದರೂ ಓದಿಕೊಂಡು ಬನ್ನಿ. ಹಕೀಮ ಕಲ್ಲಂಗಡಿಯ ಮಾತೆತ್ತಿದರೆ ಉತ್ತರ ಕೊಡಬೇಡಿ, ಅಮ್ಮ ನೋಡಿಕೊಳ್ಳುತ್ತಾರೆ.

ನಿಮ್ಮ ಸಂದೇಶವನ್ನು ನಿನ್ನೆ ಅಮ್ಮನಿಗೆ ಓದಿ ಹೇಳಿದೆ. ಬಹಳ ಹೊತ್ತು ಜಪಮಣಿ ಎಣಿಸಿದರು. ಆಮೇಲೆ, "ಊರು ನೋಡೋಕೆ ಬರ್ತಾನಂತಾ? ಬರ್ಲಿ. ಊರು ಎಲ್ಲೂ ಹೋಗಲ್ಲ. ನಾನು ಹೋಗ್ತೀನಿ. ಅದನ್ನೂ ಬರಿ" ಎಂದರು. ಅದನ್ನೂ ಬರೆದಿದ್ದೇನೆ.

ಚಹಾ ಸುರಿಯುವುದು ಯಾರು ಎಂಬ ಅಳುಕು ನಿಮಗಿರಬಹುದು. ನಾನೇ. ಬಟ್ಟಲಿನ ತಳ ಮುಚ್ಚುವಷ್ಟು, ಮತ್ತೆ ತಳ ಮುಚ್ಚುವಷ್ಟು. ಕೈ ಹಿಡಿತದಲ್ಲಿದೆ.

ಇವುಗಳಲ್ಲಿ ಯಾವ ಕೇರಿ ಎಂಬುದನ್ನು ಫೋನಿನಲ್ಲಿ ತಿಳಿಸಿದರೆ ಸಾಕು. ಒಂದೇ ಪದ ಸಾಕು.

ಅತಿಥಿಗೃಹದ ಪರವಾಗಿ,
ಸಬೋಹತ್

ಮರೆತ ಮಾತು: ಜಗಲಿಯ ಮೊಳೆಯಲ್ಲಿರುವ ರೊಟ್ಟಿ ನೀವು ಕಚ್ಚಿದ್ದಲ್ಲ. ಮೂರನೆಯ ಚಳಿಗಾಲದಲ್ಲಿ ಪೋಲೆಂಡಿನ ಅತಿಥಿಯೊಬ್ಬ ಬೆಳಗಿನ ರೈಲಿನ ಅವಸರದಲ್ಲಿ, ಬುತ್ತಿಗೆಂದು ಕಟ್ಟಿಟ್ಟಿದ್ದೇವೆ ಎಂದುಕೊಂಡು, ಅದನ್ನು ಒಯ್ದುಬಿಟ್ಟ. ಎಲ್ಲವೂ ಚೆನ್ನ, ರೊಟ್ಟಿ ಸ್ವಲ್ಪ ಗಟ್ಟಿ ಎಂದು ಬರೆದು ಒಂದು ನಕ್ಷತ್ರ ಕಡಿಮೆ ಮಾಡಿದ. ಅಮ್ಮ ಏಳುವುದರೊಳಗೆ ತಂದೂರಿನವನಿಂದ ಹೊಸದೊಂದು ತಂದು, ನಾನೇ ಒಂದು ಕಡೆ ಕಚ್ಚಿ, ನೇತುಹಾಕಿದೆ. ಅಮ್ಮ ಹೊರಗೆ ಬಂದು ತಲೆಯೆತ್ತಿ ನೋಡಿ, "ನನ್ನ ಮಗನ ಬಾಯಿ ಇಷ್ಟು ಚಿಕ್ಕದಿದ್ದಿದ್ರೆ ಆ ಜಗಳಾನೇ ಆಗ್ತಿರ್ಲಿಲ್ಲ" ಎಂದರು. ಆಮೇಲೆ ಆ ವಿಷಯ ಎತ್ತಿಲ್ಲ. ಅದು ಈಗ ಕಲ್ಲಾಗಿದೆ, ಹಲ್ಲಿನ ವೈದ್ಯರನ್ನು ಕಂಡು ಬನ್ನಿ. ಬಂದ ದಿನವೇ ಮೊಹಲ್ಲಾದ ಎದುರು ನೀವದನ್ನು ತಿಂದು ಮುಗಿಸಬೇಕಾಗುತ್ತದೆ. ಆದರೆ ಪದ್ಧತಿಯ ಪ್ರಕಾರ ಮುಗಿಸಬೇಕಾದವರು ಕಚ್ಚಿದವರು. ಹಾಗಾಗಿ ಚಹಾದಲ್ಲಿ ನೆನೆಸಿ ಅರ್ಧ ನಾನು ತಿನ್ನುತ್ತೇನೆ.