‘ಮಾರಿದ್ದೇನೆ’ ಎನ್ನಲು ಜಾಗವಿಲ್ಲದ ಪರದೆ

ಮಾನ್ಯರೇ,

ದೂರವಾಣಿ ಸಂಸ್ಥೆಯ ಗ್ರಾಹಕ ಕಾಳಜಿ ವಿಭಾಗದ ಮುಖ್ಯಸ್ಥರಾದ ತಾವು, ಹೋದ ಮಂಗಳವಾರ, ಕಳೆದೇ ಇಲ್ಲದ ಫೋನೊಂದನ್ನು ಕಳೆದುಹೋಗಿದೆಯೆಂದು ದಾಖಲಿಸಿ ಅದರ ಉಸಿರು ನಿಲ್ಲಿಸಿದ್ದೀರಿ. ಅದು ನಮ್ಮ ಬೀದಿಯ ಡೆಲಿತ್‌ಳ ಕೈಯಲ್ಲಿತ್ತು. ಈಗಲೂ ಅವಳ ಕೈಯಲ್ಲೇ ಇದೆ. ಆದರೆ ದಾಖಲೆಗೂ ಕೈಗೂ ಜಗಳ ಬಿದ್ದರೆ ಕೈಯೇ ಸುಳ್ಳು ಹೇಳುತ್ತಿದೆಯೆಂಬುದು ತಮ್ಮ ಕಚೇರಿಯ ಅಚಲ ನಂಬಿಕೆ.

ಮೂವತ್ತೊಂದು ವರ್ಷ ವೇಲ್ಸಿನ ಈ ರೋಂಡಾ ಕಣಿವೆಯಲ್ಲಿ ಬಸ್ಸು ಓಡಿಸಿದವನು ನಾನು. ನನ್ನ ಹೆಬ್ಬೆರಳು ಗಾಜಿನ ಪರದೆಯ ಮೇಲೆ ಒಂದಕ್ಷರ ಮುಟ್ಟಿದರೆ ಅಕ್ಕಪಕ್ಕದ ನಾಲ್ಕಕ್ಷರಗಳೂ ಎದ್ದು ಕೂರುತ್ತವೆ. ಆದರೂ ಎರಡು ವರ್ಷದ ಕರಾರಿಗೆ ಸಹಿ ಹಾಕಿದವನಿಗೆ ತಾವು ಹೊಳೆಯುವ ಗಾಜಿನ ಫೋನನ್ನೇ ಕೊಟ್ಟಿರಿ. ನಾನು ಅದನ್ನು ಡೆಲಿತ್‌ಗೆ ಮಾರಿ, ಬಂದ ದುಡ್ಡಿನಲ್ಲಿ ದಪ್ಪ ಗುಂಡಿಗಳ ಹಳೇ ಮಾದರಿಯ ಫೋನು ಕೊಂಡೆ. ಇದರಲ್ಲಿ ಅಪರಾಧವೇನು? ತಿಂಗಳ ಬಿಲ್ಲು ಕಟ್ಟುತ್ತಿರುವವರೆಗೆ ಫೋನು ಗ್ರಾಹಕನದೇ ಎಂದು ಕರಾರಿನ ಒಂಬತ್ತನೇ ಪುಟದಲ್ಲಿದೆ. ಅಷ್ಟು ದೂರ ಓದಿದ ಗ್ರಾಹಕ ನಾನೊಬ್ಬನೇ ಇರಬೇಕು. ಬಿಲ್ಲನ್ನೂ ತಪ್ಪದೇ ಕಟ್ಟುತ್ತಿದ್ದೇನೆ.

ತಾವು ಕೊಟ್ಟ ಸಿಮ್ಮು ಹೊಸ ಫೋನಿನೊಳಗೆ ಸಡಿಲವಾಗಿ ಕುಲುಕಾಡುತ್ತಿತ್ತು. ದೊಡ್ಡದು ಕೇಳಲು ತಮ್ಮ ಅಂಗಡಿಗೆ ಹೋದೆ. ಅಲ್ಲಿನ ಶ್ರೀಮತಿ ಪಾರ್ಫಿಟ್ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದರು: “ನಾವು ಕೊಟ್ಟ ಫೋನ್ ಎಲ್ಲಿ, ಎಮ್ಲಿನ್?”

“ಮಾರಿದೆ ಕಣಮ್ಮ.”

“ಮಾರಿದೆ ಅನ್ನೋದು ಇಲ್ಲಿಲ್ವಲ್ಲ. ನಿಮ್ಮ ಹತ್ರ ಇದೆ, ಕಳೆದುಹೋಗಿದೆ, ಕಳುವಾಗಿದೆ. ಮೂರೇ ಇರೋದು. ಒಂದು ಒತ್ತದೆ ಸಿಮ್ ಕೊಡಕ್ಕಾಗಲ್ಲ.”

“ನನ್ನ ಹತ್ರ ಇಲ್ಲ. ಸುಳ್ಳು ಬರೆಸಲ್ಲ ನಾನು.”

“ಸರಿ, ಕಳೆದುಹೋಗಿದೆ ಅಂತ ಒತ್ತಲಾ? ಒಂಥರಾ ಕೈಬಿಟ್ಟು ಹೋದದ್ದೇ ತಾನೆ.”

ಹಿಂದೆ ಸಾಲಿನಲ್ಲಿ ಐದು ಜನ ಕೆಮ್ಮುತ್ತಿದ್ದರು. ನಾನು ತಲೆಯಾಡಿಸಿದೆ. ಒಂದು ಸುಳ್ಳು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಒಪ್ಪಿದ ಆ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮಾನ್ಯರೇ, ಫೋನು ಮಾರಿಯೇ ಬದುಕುವ ಸಂಸ್ಥೆಗೆ, ಇನ್ನೊಬ್ಬರೂ ಫೋನು ಮಾರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲವೇ?

ಡೆಲಿತ್ ಮುದುಕರ ಮನೆಗಳಿಗೆ ಹೋಗಿ ಊಟ, ಗುಳಿಗೆ, ಸ್ನಾನ ನೋಡಿಕೊಳ್ಳುವವಳು. ಯಾವ ಹೊತ್ತಿಗೆ ಯಾರ ಮನೆ ಎಂಬ ಪಟ್ಟಿ ಅವಳ ಫೋನಿಗೇ ಬರುತ್ತದೆ. ಅಂಗಡಿಯಲ್ಲಿ ‘ಕಳೆದುಹೋಗಿದೆ’ ಒತ್ತಿದ ದಿನವೇ, ಅವಳು ಗುಡ್ಡದ ಅರ್ಧ ಹತ್ತಿದಾಗ ಅದು ಸತ್ತಿತು. ಮೇಲಿನ ಸಾಲುಮನೆಯ ಹೇಡನ್ ಪ್ರೋಬರ್ಟ್, ಎಂಬತ್ತೆಂಟು ವರ್ಷ, ಮಧ್ಯಾಹ್ನದ ಗುಳಿಗೆಗೆ ಮೂರು ಗಂಟೆಯವರೆಗೆ ಕಾದರು. ಡೆಲಿತ್‌ಗೆ ಅವಳ ಕಚೇರಿಯಿಂದ ಎಚ್ಚರಿಕೆಯ ಪತ್ರ ಬಂತು: ಇನ್ನೊಂದು ಮನೆ ತಪ್ಪಿದರೆ ಕೆಲಸವಿಲ್ಲ.

ತಮ್ಮ ಸಹಾಯವಾಣಿಗೆ ಏಳು ಸಲ ಕರೆ ಮಾಡಿದೆ. ಏಳನೆಯ ಸಲದ ಹೆಣ್ಣುಮಗಳು ಬಹಳ ನಯವಾಗಿ ಕೇಳಿದಳು: “ಕಳೆದ ಫೋನ್ ಸಿಕ್ತಾ ಸರ್?”

“ಕಳೆದೇ ಇರ್ಲಿಲ್ಲ ತಾಯಿ.”

“ಹಾಗಾದ್ರೆ ಕಳೆದಿದೆ ಅಂತ ಯಾಕೆ ಹೇಳಿದ್ರಿ? ಈಗ ಯಾರ ಹತ್ರ ಇದೆ?”

“ಡೆಲಿತ್ ಹತ್ರ.”

“ಅಯ್ಯೋ, ಬೇರೆಯವರ ಹತ್ರ ಇದ್ರೆ ಕಳುವು ಅಂತ ಬದಲಾಯಿಸ್ಬೇಕು ಸರ್. ಪೊಲೀಸ್ ದೂರಿನ ನಂಬರ್ ಹೇಳ್ತೀರಾ?”

ಹೀಗೆ ನಾನೇ ದೂರುದಾರ, ನಾನೇ ಕಳ್ಳಮಾಲು ಮಾರಿದವನು. ನಾನು ಹಾಡುವ ಗಂಡಸರ ಗಾಯನ ಮೇಳಕ್ಕೆ ನಗಲು ಇಷ್ಟು ಸಾಕಾಯಿತು. ಗೆಥಿನ್ ಎಂಬ ನನ್ನ ಹಳೆಯ ಗೆಳೆಯ ಎಲ್ಲರೆದುರಿಗೆ, “ಎಮ್ಲಿನ್, ನನ್ನ ಕೋಟು ಆ ಗೂಟದ ಮೇಲಿದೆ ಕಣಪ್ಪ. ಮಾರೋ ಮುಂಚೆ ಜೇಬಲ್ಲಿರೋ ಕನ್ನಡಕ ಕೊಟ್ಬಿಡು” ಎಂದ. ಡೆಲಿತ್ ನಗಲಿಲ್ಲ. ಮನೆ ಬಾಗಿಲಿಗೆ ಬಂದು ಇಷ್ಟೇ ಹೇಳಿದಳು: “ದುಡ್ಡು ವಾಪಸ್ ಬೇಡ ಮಾಮ. ಅದನ್ನ ನೀವು ಆ ಗುಂಡಿ ಫೋನಿಗೆ ಹಾಕಿದ್ದೀರ, ಗೊತ್ತು. ನನ್ನ ಕೆಲಸ ಉಳಿಸ್ಕೊಡಿ.”

ಸದ್ಯಕ್ಕೆ ವ್ಯವಸ್ಥೆ ಹೀಗಿದೆ. ದಿನಾ ಬೆಳಿಗ್ಗೆ ಅವಳ ಕಚೇರಿಯವರು ನನ್ನ ಫೋನಿಗೆ ಪಟ್ಟಿ ಓದುತ್ತಾರೆ; ನಾನು ಬರೆದುಕೊಂಡು ಅವಳ ಮನೆಗೆ ಓಡುತ್ತೇನೆ. ನಡುವೆ ಬದಲಾವಣೆಯಾದರೆ ಅವಳನ್ನು ಹುಡುಕುತ್ತ ಗುಡ್ಡ ಹತ್ತುತ್ತೇನೆ. ನನಗೀಗ ಅರವತ್ತೊಂಬತ್ತು. ಕಚೇರಿಯವರು ಇದನ್ನು ಈ ಶುಕ್ರವಾರದವರೆಗೆ ಮಾತ್ರ ಸಹಿಸುತ್ತಾರಂತೆ.

ಆದ್ದರಿಂದ ನನ್ನ ಬೇಡಿಕೆ: ಪರದೆಯಲ್ಲಿ ನಾಲ್ಕನೆಯ ಆಯ್ಕೆ ಸೇರಿಸಿ, ‘ಮಾರಲಾಗಿದೆ’ ಎಂದು ಒತ್ತಿ, ಡೆಲಿತ್‌ಳ ಫೋನಿಗೆ ಶುಕ್ರವಾರದೊಳಗೆ ಜೀವ ಕೊಡಿ. ಅಷ್ಟರಲ್ಲಿ ಆಗದಿದ್ದರೆ ಶನಿವಾರ ಬೆಳಿಗ್ಗೆ ಏಳಕ್ಕೆ ತಾವೇ ದಯಮಾಡಿಸಿ ಹೇಡನ್ ಪ್ರೋಬರ್ಟ್ ಅವರಿಗೆ ಕಾಲುಚೀಲ ತೊಡಿಸಬೇಕು. ಎಡಗಾಲು ಮೊದಲು. ಬಲಗಾಲು ಹಿಡಿದಿರೋ, ಅವರು ಒದೆಯುತ್ತಾರೆ. ಅದನ್ನು ದಾಖಲಿಸಲೂ ತಮ್ಮಲ್ಲಿ ಜಾಗವಿರಲಾರದು.

ಇಂತಿ,
ತನ್ನದೇ ಫೋನಿನ ಅಧಿಕೃತ ಕಳ್ಳ,
ಎಮ್ಲಿನ್ ಪ್ರಾಸರ್
ಟ್ರಿಯೋರ್ಕಿ