ಬಲಗಡೆಯ ಜಾಡಿ

ಫೆಬ್ರವರಿ ೩, ಸೋಮವಾರ

ಎರಡನೇ ವರ್ಷದವರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಬ್ಬ ಮಹಾಶಯ ಪರಮಾಣುವಿನ ಚಿತ್ರ ಬರೆ ಅಂದರೆ ಸೈಕಲ್ ಚಕ್ರ ಬರೆದಿದ್ದಾನೆ, ಕಡ್ಡಿ ಸಮೇತ. ಸೊನ್ನೆ ಕೊಟ್ಟೆ. ಅದನ್ನೂ ದುಂಡಗೆ ಬರೆದೆ, ನೋಡಿ ಕಲಿಯಲಿ.

ನನ್ನ ತಮ್ಮ ಮೆಟ್ಟಿಲು ಹತ್ತಿ ಓಡಿ ಬಂದ. ಕೈಗೆ ಗ್ಲೌಸ್, ಗದ್ದಕ್ಕೆ ಜಾರಿದ ಮಾಸ್ಕ್. ಕೆಳಗೆ ಕ್ಲಿನಿಕ್ಕಿನಲ್ಲಿ ಯಾವ ಪಾಪಿ ಬಾಯಿ ತೆರೆದುಕೊಂಡು ಕುಳಿತಿದ್ದನೋ.

"ಅಕ್ಕ, ಎರಡು ಡಿಗ್ರಿ ಜಾಸ್ತಿ! ಇವತ್ತೂ!"

"ಜ್ವರ ಯಾರಿಗೆ?" ಅಂದೆ.

ಮುಖ ಸಣ್ಣದಾಯಿತು. ಹೋದ. ಹಲ್ಲಿನ ಡಾಕ್ಟರು ಇವನು, ಒಳ್ಳೆಯ ಕೈ ಅಂತ ಹೆಸರು ಬೇರೆ. ಎರಡು ವರ್ಷದಿಂದ ಈ ಗೀಳು. ಸೂರ್ಯನ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಡಿಗ್ರಿಯಲ್ಲಿ ಪರಮಾಣುಗಳು ಬೆಸೆದು ಶಾಖ ಹುಟ್ಟುವ ಕೆಲಸ ಇವನ ಸ್ಟೋರ್‌ರೂಮಿನ ಗಾಜಿನ ಜಾಡಿಯಲ್ಲಿ ಆಗುತ್ತದಂತೆ — ಕೋಲ್ಡ್ ಫ್ಯೂಷನ್! ಭಾರಜಲ ಅಂತ ಒಂದು ವಿಶೇಷ ನೀರು ತರಿಸುತ್ತಾನೆ, ಅದರಲ್ಲಿ ಪಲ್ಲಾಡಿಯಂ ತಂತಿ ಇಳಿಬಿಟ್ಟು ಕರೆಂಟು ಹರಿಸುತ್ತಾನೆ. ಆ ಲೋಹವೇ ಆಗಬೇಕಂತೆ, ಬೇರೆಯದರಲ್ಲಿ ಫ್ಯೂಷನ್ ಆಗದಂತೆ. ಪಲ್ಲಾಡಿಯಂ ಎಲ್ಲಿಂದ? ರೋಗಿಗಳ ಬಾಯಿಂದ ತೆಗೆದ ಹಳೆಯ ಕ್ಯಾಪುಗಳನ್ನು ಕರಗಿಸಿ! ಊರಿನವರ ಎಂಜಲಿನಲ್ಲಿ ಸೂರ್ಯನನ್ನು ಹುಟ್ಟಿಸಲು ಹೊರಟಿದ್ದಾನೆ ನನ್ನ ತಮ್ಮ.

ಇನ್ನೂ ಇಪ್ಪತ್ತು ಪತ್ರಿಕೆ ಬಾಕಿ.

ಫೆಬ್ರವರಿ ೮, ಶನಿವಾರ

ಕಾಲೇಜಿನ ವಿಜ್ಞಾನ ಸಂಘದಲ್ಲಿ ಚರ್ಚೆ. ವಿಷಯ ಇಟ್ಟವಳು ನಾನೇ: 'ಮನೆಯಲ್ಲಿ ಕೋಲ್ಡ್ ಫ್ಯೂಷನ್ — ವಿಜ್ಞಾನವೋ, ಭ್ರಮೆಯೋ?' ತಮ್ಮನನ್ನು ಕರೆದವಳೂ ನಾನೇ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ, ಪಾಪ.

ಮೊದಲು ಅವನ ಥರ್ಮಾಮೀಟರ್ ಹಿಡಿದೆ. "ಫುಟ್‌ಪಾತಿನ ಮಾಲು, ಅದು ಪ್ರಿನ್ಸಿಪಾಲರ ಮೇಜಿಗೂ ಜ್ವರ ತೋರಿಸುತ್ತದೆ" ಅಂದೆ. ಸಭೆ ನಕ್ಕಿತು. ಆಮೇಲೆ ಮುಖ್ಯ ಏಟು. "ಆ ಜಾಡಿಯಲ್ಲಿ ನಿಜವಾಗಿ ಫ್ಯೂಷನ್ ನಡೆದರೆ ಹೊರಬರುವ ವಿಕಿರಣಕ್ಕೆ ಮೊದಲು ಸಾಯುವವನು ಪಕ್ಕದಲ್ಲಿ ನಿಂತವನು. ನನ್ನ ತಮ್ಮ ಇಲ್ಲಿ ಗುಂಡುಕಲ್ಲಿನ ಹಾಗೆ ಕುಳಿತಿದ್ದಾನೆ. ನನಗೆ ಬೇರೆ ಸಾಕ್ಷಿ ಬೇಡ." ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರು. ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು.

ಅವನು ಎದ್ದು ನಿಂತ. "ಅಕ್ಕ ಹೇಳೋದು ಸರಿ ಇರಬಹುದು. ಯಾಕೆ ಬಿಸಿ ಆಗುತ್ತೆ ಅಂತ ನಂಗೆ ಗೊತ್ತಿಲ್ಲ. ಬಿಸಿ ಆಗ್ತಿರೋದಂತೂ ನಿಜ. ಥರ್ಮಾಮೀಟರ್ ಬೇಡ ಅಂದ್ರೆ ಬೇಡ, ಕೈಯಿಟ್ಟು ಹೇಳ್ತೀನಿ. ಎರಡು ಜಾಡಿ ಇಡು — ಒಂದರಲ್ಲಿ ಭಾರಜಲ, ಇನ್ನೊಂದರಲ್ಲಿ ಸಾದಾ ನೀರು. ಯಾವುದು ಯಾವುದು ಅಂತ ನಿಂಗೊಬ್ಬಳಿಗೇ ಗೊತ್ತಿರಲಿ."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅಂತ ಮೈಕಿನಲ್ಲೇ ಅಂದೆ. ಆದರೂ ಒಪ್ಪಿದೆ. ಐದು ದಿನ, ಐದು ಸಲ. ಅವನು ಗೆದ್ದರೆ ನಾನು ಇದೇ ವೇದಿಕೆ ಹತ್ತಿ 'ನಾನು ಹೇಳಿದ್ದು ತಪ್ಪು' ಅನ್ನಬೇಕು. ಸೋತರೆ ಅವನು ಜಾಡಿ ಒಡೆದು ಹಾಕಬೇಕು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು.

ಫೆಬ್ರವರಿ ೧೦

ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಮೇಲೆ ಬಂದಳು. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು ಅವಳೇ.

"ಅತ್ತಿಗೆ, ಪೇಶಂಟ್ ಬಾಯಿಗೆ ಹತ್ತಿ ತುರುಕಿ ಜಾಡಿ ನೋಡೋಕೆ ಹೋಗ್ತಾರೆ. ಆ ಯಮ್ಮ ಅರ್ಧ ಗಂಟೆ ಊಂ ಊಂ ಅಂತಿದ್ರು. ಹೀಗಾದ್ರೆ ಯಾರು ಬರ್ತಾರೆ? ಹೇಗಾದ್ರೂ ಬಿಡಿಸಿ. ನೀವು ಹೇಳಿದ್ರೆ ಮಾತ್ರ ಕೇಳೋದು ಅವರು."

ಬಿಡಿಸುತ್ತೇನೆ ಅಂದೆ. ಪರೀಕ್ಷೆಯೇ ಬಿಡಿಸುತ್ತದೆ, ನಾನೇನೂ ಮಾಡಬೇಕಾಗಿಲ್ಲ.

ಫೆಬ್ರವರಿ ೧೬, ಭಾನುವಾರ

ಮೊದಲ ದಿನ. ಸ್ಟೋರ್‌ರೂಮಿನ ಬಾಗಿಲು ಹಾಕಿಕೊಂಡು ಜಾಡಿ ತುಂಬಿದೆ. ಎಡಕ್ಕೆ ಭಾರಜಲ, ಬಲಕ್ಕೆ ಸಾದಾ. ಒಂದೇ ತರಹದ ತಂತಿ. ಒಂದೇ ಕರೆಂಟು ಒಂದರಿಂದ ಇನ್ನೊಂದಕ್ಕೆ ಹಾದು ಹೋಗುವ ಹಾಗೆ ಜೋಡಿಸಿದ್ದು. ಒಂದು ಗಂಟೆ ಬಿಟ್ಟು ಅವನನ್ನು ಕರೆದೆ. ಬಂದ, ಅಂಗೈ ಅಲ್ಲ, ಕೈಯ ಹಿಂಬದಿ ಇಟ್ಟ. ಕಣ್ಣು ಮುಚ್ಚಿದ.

"ಎಡ."

ಸರಿ. ಇರಲಿ, ಕುರುಡು ಕೋಳಿಗೂ ಒಂದು ಕಾಳು ಸಿಗುತ್ತದೆ. ಫಲಿತಾಂಶ ಕೊನೆಯ ದಿನವೇ ಹೇಳುವುದು ಅಂತ ಮಾತಾಗಿದೆ. ಮುಖ ಬಿಗಿ ಹಿಡಿದು ನಿಂತಿದ್ದೆ.

ಫೆಬ್ರವರಿ ೧೮

ನಿನ್ನೆಯೂ ಸರಿ ಹೇಳಿದ. ಇವತ್ತು ಭಾರಜಲ ಬಲಕ್ಕೆ ಇಟ್ಟೆ. ಅವನು ಎಡದ ಜಾಡಿಯನ್ನು ಮುಟ್ಟಲೇ ಇಲ್ಲ. ಬಲದ್ದರ ಮೇಲೆ ಕೈಯಿಟ್ಟ ತಕ್ಷಣ ಮುಖ ಅರಳಿತು. "ಇದೇ ಅಕ್ಕ. ನನ್ನ ಜೀವ ಬೇಕಾದ್ರೂ ಪಣಕ್ಕಿಡ್ತೀನಿ."

ಅವನು ಹೋದ ಮೇಲೆ ನಾನೂ ಮುಟ್ಟಿದೆ. ಬಿಸಿ. ಎಡದ್ದಕ್ಕಿಂತ ಬಿಸಿ, ಅನುಮಾನವೇ ಇಲ್ಲ. ಇದೇನು ಕರ್ಮ?

ಊಟ ಸೇರಲಿಲ್ಲ.

ಫೆಬ್ರವರಿ ೨೦, ಗುರುವಾರ, ಸಂಜೆ ೬

ಐದಕ್ಕೆ ಐದೂ ಸರಿ.

ಹಾಲ್‌ನಲ್ಲಿ ಕುಳಿತಿದ್ದರು ಇಬ್ಬರೂ. ಕುರ್ಚಿಯ ತುದಿಯಲ್ಲಿ ತಮ್ಮ. ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕಣ್ಣ ಮುಂದೆ ಬಂದದ್ದು ವೇದಿಕೆ, ಮೈಕು, ಶಿಳ್ಳೆ ಹೊಡೆಯುವ ಹಿಂದಿನ ಬೆಂಚು.

"ಒಂದು ಸರಿ. ನಾಲ್ಕು ತಪ್ಪು" ಅಂದೆ.

ನಾಲಿಗೆ ತೊದಲಲಿಲ್ಲ. ಎರಡು ಸರಿ, ಮೂರು ತಪ್ಪು ಅಂದಿದ್ದರೂ ಸಾಕಿತ್ತು, ಏನೋ ಅದೃಷ್ಟದಾಟ ಅಂತ ಬಿಡುತ್ತಿದ್ದ. ನಾಲ್ಕು ಅಂತ ಯಾಕೆ ಅಂದೆ? ದುರಾಸೆ.

"ಮೂರನೇ ದಿನದ್ದು? ಬಲಗಡೆ ಜಾಡಿ?"

"ಸಾದಾ ನೀರು."

ತನ್ನ ಬಲಗೈ ತಿರುಗಿಸಿ ನೋಡಿಕೊಂಡ. ಯಾರದೋ ಕೈ ಅನ್ನುವ ಹಾಗೆ.

ಫೆಬ್ರವರಿ ೨೧

ಬೆಳಿಗ್ಗೆ ಹಿತ್ತಲಲ್ಲಿ ತಾನೇ ಒಡೆದ. ಅಳಲಿಲ್ಲ, ಬೈಯಲಿಲ್ಲ. ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ಕಸದವನ ಕೈ ಕುಯ್ಯದಿರಲಿ ಅಂತ ಮೇಲೆ ಹಗ್ಗ ಕಟ್ಟಿದ. ಉಳಿದ ಭಾರಜಲದ ಬಾಟಲಿ ತಂದುಕೊಟ್ಟ: "ನಿನ್ನ ಲ್ಯಾಬಿಗೆ ಇರಲಿ ಅಕ್ಕ."

ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ಮನೆ ಉಳಿಸಿದ್ರಿ ಅತ್ತಿಗೆ."

ಪ್ರಿನ್ಸಿಪಾಲರ ಫೋನು. ಅಭಿನಂದನೆ. ಕಾಲೇಜಿನ ಪತ್ರಿಕೆಗೆ ಲೇಖನ ಬೇಕಂತೆ. ಬರೆಯುತ್ತೇನೆ ಅಂದೆ.

ಮಾರ್ಚ್ ೫, ಬುಧವಾರ

ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ತಡೆಯಲಾಗಲಿಲ್ಲ. ಎರಡು ಬೀಕರು, ಅದೇ ಜೋಡಣೆ, ಪಲ್ಲಾಡಿಯಂ ಬದಲು ಸಾದಾ ಸ್ಟೀಲ್ ತಂತಿ. ಒಂದರಲ್ಲಿ ಅವನ ಭಾರಜಲ.

ಭಾರಜಲದ್ದೇ ಬಿಸಿ! ಸ್ಟೀಲ್ ತಂತಿಯಲ್ಲೂ!

ಹಣೆ ಚಚ್ಚಿಕೊಂಡೆ. ಇದರಲ್ಲಿ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ. ಭಾರಜಲ ಕರೆಂಟನ್ನು ಸ್ವಲ್ಪ ಹೆಚ್ಚು ತಡೆಯುತ್ತದೆ, ತಡೆದಷ್ಟೂ ಕಾಯುತ್ತದೆ. ಇಸ್ತ್ರಿಪೆಟ್ಟಿಗೆ ಕಾಯುವುದೂ ಹೀಗೇ. ಮೊದಲ ವರ್ಷದವರಿಗೆ ನಾನೇ ಪಾಠ ಮಾಡುವುದು.

ಅಂದರೆ ಅವನ ಕೈ ಸರಿ, ಅವನ ಕೋಲ್ಡ್ ಫ್ಯೂಷನ್ ತಪ್ಪು. ನಿಜವನ್ನೇ ಹೇಳಿದ್ದರೆ ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ, ಹದಿನೈದು ದಿನ ತಡವಾಗಿ. ಮಧ್ಯೆ ಒಂದು ನಿಮಿಷ ವೇದಿಕೆಯ ಮೇಲೆ ನಿಲ್ಲಬೇಕಿತ್ತು, ಅಷ್ಟೇ.

ಲೇಖನ ಅಚ್ಚಿಗೆ ಹೋಗಿದೆ. ಬೀಕರು ತೊಳೆದಿಟ್ಟೆ.

ಮಾರ್ಚ್ ೧೯

ಕೆಳಗೆ ಕೂಗಾಟ. ಓಡಿದೆ. ಬಸ್ಸಿನ ಡ್ರೈವರೊಬ್ಬ, ಬಾಯಲ್ಲಿ ರಕ್ತ, ಕೈಯಲ್ಲಿ ತನ್ನದೇ ಹಲ್ಲು. "ಒಳ್ಳೇ ಹಲ್ಲು ಕಿತ್ತವ್ನೆ! ಹುಳುಕು ಇನ್ನೂ ಇಲ್ಲೇ ಐತೆ! ಡಾಕ್ಟ್ರಾ ಇವ್ನು?"

ತಮ್ಮ ಗೋಡೆಗೆ ಒರಗಿ ನಿಂತಿದ್ದ. ಅವನ ಹೆಂಡತಿ ಡ್ರೈವರಿಗೆ ಕೈ ಮುಗಿಯುತ್ತಿದ್ದಳು.

ಎಲ್ಲ ತಣ್ಣಗಾದ ಮೇಲೆ ಕೇಳಿದೆ, ಏನಾಯಿತೋ ಅಂತ.

"ಮೊದಲು ಸರಿಯಾದ ಹಲ್ಲಿನ ಮೇಲೇ ಕೈಯಿಟ್ಟೆ ಅಕ್ಕ. ಇದೇ ಅಂತ ಗಟ್ಟಿಯಾಗಿ ಅನ್ನಿಸ್ತು. ಆಮೇಲೆ ಯೋಚನೆ ಮಾಡ್ದೆ — ನಂಗೆ ಗಟ್ಟಿಯಾಗಿ ಅನ್ನಿಸಿದ್ದು ಐದರಲ್ಲಿ ನಾಲ್ಕು ಸಲ ತಪ್ಪಿರುತ್ತೆ. ಅದಕ್ಕೇ ಪಕ್ಕದ್ದು ಕಿತ್ತೆ."

ಲೆಕ್ಕ ಸರಿಯಾಗಿಯೇ ಹಾಕಿದ್ದಾನೆ. ಹೇಳಬೇಕು ಅಂತ ಬಾಯಿ ತೆರೆದೆ. ಅವನೇ ಮುಂದುವರಿಸಿದ: "ನೀನಿಲ್ದಿದ್ರೆ ನಾನು ಪೂರ್ತಿ ಹುಚ್ಚ ಆಗ್ತಿದ್ದೆ. ನಂಗೆ ಮುಲಾಜಿಲ್ದೆ ನಿಜ ಹೇಳಿದ್ದು ನೀನೊಬ್ಬಳೇ."

"ರಜಾ ತಗೋ, ನಿದ್ದೆ ಮಾಡು" ಅಂತ ಹೇಳಿ ಮೇಲೆ ಬಂದೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ ೯, ಬುಧವಾರ

ಕ್ಲಿನಿಕ್ ಮುಚ್ಚಿ ಮೂರು ವಾರ. ಒಂದು ಉಪಾಯ ಹೊಳೆಯಿತು. ಬಾಯಿ ಬಿಡದೆ ಅವನ ಧೈರ್ಯ ವಾಪಸು ಕೊಡುವುದು. ನನ್ನದೊಂದು ದವಡೆ ಹಲ್ಲು ಬಹಳ ದಿನದಿಂದ ಜುಂ ಅನ್ನುತ್ತದೆ. ಯಾವುದು ಅಂತ ಹೇಳದೆ ಹೋಗಿ ಅವನ ಕುರ್ಚಿಯಲ್ಲಿ ಕುಳಿತೆ. "ನೀನೇ ಕಂಡುಹಿಡಿ."

ಬೇಡ ಬೇಡ ಅಂದ. ಗದರಿದೆ. ಬೆರಳಿಟ್ಟ. ಮೊದಲನೇ ಸಲಕ್ಕೇ ಸರಿಯಾದ ಹಲ್ಲು!

"ಅದೇ ಕಣೋ! ನೋಡು, ನಿನ್ನ ಕೈಗೆ ಏನೂ ಆಗಿಲ್ಲ!"

ಅವನು ನಗಲಿಲ್ಲ. "ಆ ಮೂರನೇ ದಿನಾನೂ ಹೀಗೇ ಅನ್ನಿಸಿತ್ತು ಅಕ್ಕ. ಡಿಟ್ಟೋ ಹೀಗೇ." ಸ್ಟೂಲು ಹತ್ತಿರ ಎಳೆದುಕೊಂಡ. "ಒಂದೇ ಒಂದು ಮಾತು ಹೇಳು, ಇನ್ಯಾವತ್ತೂ ಕೇಳಲ್ಲ. ಆ ಬಲಗಡೆ ಜಾಡೀಲಿ ಇದ್ದಿದ್ದು ಸಾದಾ ನೀರೇನಾ? ಇಲ್ಲ ಅಂದ್ರೆ ನಾಳೇನೇ ಕ್ಲಿನಿಕ್ ತೆಗೀತೀನಿ. ಹೌದು ಅಂದ್ರೆ ನಿನ್ನ ಬಾಯಿಗೆ ನಾನು ಕೈ ಹಾಕಬಾರದು, ಯಾರ ಬಾಯಿಗೂ ಹಾಕಬಾರದು."

ಇದಕ್ಕಿಂತ ಬಿಡಿಸಿ ಯಾರು ಕೇಳುತ್ತಾರೆ? ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅವಳೆದುರಿಗೆ ಹೇಗೆ ಹೇಳಲಿ? ಪ್ರಿನ್ಸಿಪಾಲರಿಗೆ ಗೊತ್ತಾದರೆ? ಲೇಖನವನ್ನು ನೋಟೀಸ್ ಬೋರ್ಡಿಗೆ ಹಾಕಿದ್ದಾರೆ, ನನ್ನ ಫೋಟೋ ಸಮೇತ.

ತಲೆ ಆಡಿಸಿದೆ. ಹೌದು ಅಂತ.

ಲೈಟು ಆರಿಸಿದ. ಬೇರೆ ಡಾಕ್ಟರ ವಿಳಾಸ ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಏಪ್ರಿಲ್ ೨೬

ಕುರ್ಚಿ ಮಾರಿದರು. ನಾಲ್ಕು ಜನ ಹೊತ್ತು ಹೋದರು.

ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕಳು. "ಆ ಜಾಡಿಗಳಾದ್ರೂ ಇದ್ದಿದ್ರೆ ಚೆನ್ನಾಗಿತ್ತು ಅತ್ತಿಗೆ. ಬೆಳಿಗ್ಗೆ ಎದ್ದೇಳೋಕೆ ಒಂದು ನೆಪ ಇರ್ತಿತ್ತು ಅವರಿಗೆ." ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಹಲ್ಲು ಬೇರೆ ಡಾಕ್ಟರು ಕಿತ್ತರು. ಬಾಯಿ ಊದಿದೆ. ಕಾಲೇಜಿಗೆ ಹೋಗಲಿಲ್ಲ.

ಮೇ ೨, ಶುಕ್ರವಾರ, ಬೆಳಿಗ್ಗೆ ೮

ಅವನ ಹೆಂಡತಿ ಈಗ ಬೇರೆ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯಲು ಹೋಗುತ್ತಾಳೆ, ಏಳಕ್ಕೇ ಮನೆ ಬಿಡುತ್ತಾಳೆ. ಮಗುವನ್ನು ನೋಡಿಕೊಳ್ಳುವುದು ಇವನು.

ಈಗ ಮೇಲೆ ಬಂದ. ಅಂಗಿಯ ತೋಳು ಮಡಚಿದ್ದ, ಮೊಣಕೈ ತನಕ ಒದ್ದೆ. "ಅಕ್ಕ, ಒಂದು ನಿಮಿಷ ಕೆಳಗೆ ಬರ್ತೀಯಾ? ಮಗೂಗೆ ಸ್ನಾನ ಮಾಡಿಸ್ಬೇಕು. ನೀರು ಸರಿ ಇದ್ಯಾ ನೋಡು."

"ನೀನೇ ನೋಡೋ, ಕೈಯಿಟ್ಟರೆ ಗೊತ್ತಾಗಲ್ವಾ?"

"ನೋಡ್ದೆ. ಹದವಾಗಿದೆ ಅನ್ನಿಸ್ತು. ಅದಕ್ಕೇ ಭಯ ಆಯ್ತು."

ಹೋದೆ. ಬಚ್ಚಲಲ್ಲಿ ಬಕೆಟ್ಟು, ಪಕ್ಕದಲ್ಲಿ ಮಣೆಯ ಮೇಲೆ ಮಗು, ಬರಿಮೈ, ಚಳಿಗೆ ಮುದುರಿ ಕುಳಿತಿದೆ. ಎಷ್ಟು ಹೊತ್ತಿನಿಂದ ಹಾಗೆ ಕೂರಿಸಿದ್ದನೋ. ನೀರಿಗೆ ಕೈ ಅದ್ದಿದೆ. ತಣ್ಣಗಾಗುತ್ತಾ ಬಂದಿತ್ತು. ಅವನು ಮುಟ್ಟಿದಾಗ ಖಂಡಿತ ಹದವಾಗಿಯೇ ಇದ್ದಿರಬೇಕು.

"ಸರಿಯಾಗೇ ಇತ್ತು ಕಣೋ" ಅಂದೆ. "ನಿನ್ನ ಕೈ ಯಾವತ್ತೂ ತಪ್ಪು ಹೇಳಿಲ್ಲ. ಆ ಐದು ದಿನಾನೂ ಹೇಳಿಲ್ಲ. ಐದಕ್ಕೆ ಐದೂ ಸರಿ ಇತ್ತು. ನಾನೇ ಸುಳ್ಳು ಹೇಳ್ದೆ."

ಕೊನೆಗೂ ಹೇಳಿದೆ. ಹೊಡೆಯಲಿ, ಉಗಿಯಲಿ ಅಂತ ಕಾದೆ.

ಅವನು ನನ್ನ ಭುಜದ ಮೇಲೆ ಒದ್ದೆ ಕೈಯಿಟ್ಟು ನಕ್ಕ. ಚಿಕ್ಕವನಿದ್ದಾಗ ನಾನು ಕೊನೆಯ ಚಾಕಲೇಟು ಕೊಟ್ಟರೆ ನಗುತ್ತಿದ್ದ ಹಾಗೆ.

"ನೀನು ಒಳ್ಳೆಯವಳು ಅಕ್ಕ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳೋಕೂ ರೆಡಿ ಆಗಿದ್ದೀಯಲ್ಲ. ಬೇಡ. ನೀನು ಅವತ್ತು ಹೇಳಿದ್ದೇ ಸಾಕು."

ಇಲ್ಲ ಕಣೋ, ಇದೇ ನಿಜ, ಆಣೆ ಮಾಡ್ತೀನಿ ಅಂದೆ. ಲ್ಯಾಬಿಗೆ ಬಾ, ತೋರಿಸ್ತೀನಿ ಅಂದೆ. ಆಯ್ತು ಆಯ್ತು ಅಂತ ತಲೆ ಆಡಿಸಿದ, ಹಠ ಮಾಡುವ ಪೇಶಂಟಿಗೆ ಆಡಿಸುವ ಹಾಗೆ. ಆಮೇಲೆ ಬಕೆಟ್ಟಿಗೆ ಬಿಸಿನೀರು ಬೆರೆಸಿ ಪಕ್ಕಕ್ಕೆ ಸರಿದು ನಿಂತ.

"ಈಗ ಮುಟ್ಟಿ ನೋಡಿ ಹೇಳು. ಮಗು ನಡುಗ್ತಿದೆ."

ಮಗುವಿಗೆ ನಾನೇ ನೀರು ಹಾಕಿ ಬಂದೆ. ಕಾಲೇಜಿಗೆ ಹೊತ್ತಾಯಿತು. ಮತ್ತೆ ಕರೆಯುತ್ತಿದ್ದಾನೆ ಕೆಳಗಿನಿಂದ, ಹಾಲು ಕಾಯಿಸಿದ್ದಾನಂತೆ, ಮಗುವಿಗೆ ಕೊಡಬಹುದಾ ಅಂತ