ಸೊಸೆ ಹೇಳಿದಳು, ನಾನು ಹಿಂದೆ ಸರಿದೆ

ಗುಳೇದಗುಡ್ಡ
ಇಸವಿ 2194, ಫೆಬ್ರುವರಿ 30

ಚಿರಂಜೀವಿ ‘ಮಿರ್ಚಿ ಮಂಡಕ್ಕಿ’ಗೆ, ನೀಲಗಂಗವ್ವನ ಆಶೀರ್ವಾದಗಳು.

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಿದರೆ ಸಹಿಸಿಕೊ. ನಿನ್ನ ನಿಜವಾದ ಹೆಸರು ನಮಗೆ ಗೊತ್ತಿಲ್ಲ, ಆಟ ಆಡಿ ತೋರಿಸುವ ಲೈವ್‌ನಲ್ಲಿ ನೀನು ಇಟ್ಟುಕೊಂಡ ಹೆಸರಿನಿಂದಲೇ ಕರೆದಿದ್ದೇನೆ. ಹುಟ್ಟಿದ ವರ್ಷ ನೋಡಿದರೆ ನೀನು ನನ್ನ ಮುತ್ತಜ್ಜಿಗಿಂತ ಹಿರಿಯಳು. ಆದರೆ ಪರದೆಯ ಮೇಲೆ ಕಾಣುವವಳು ತಲೆ ಸರಿಯಾಗಿ ಬಾಚಿಕೊಳ್ಳದ ಇಪ್ಪತ್ತರ ಹುಡುಗಿ. ಅದಕ್ಕೆ ನೀನು ಎನ್ನುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಂದು ಮನೆಯವರು ಜೀವಮಾನದಲ್ಲಿ ಒಂದೇ ಕಾಗದ ಕಳಿಸಬಹುದು. ಬೇರೆಯವರು ತಮ್ಮ ಅಜ್ಜಂದಿರಿಗೆ ಬರೆಯುತ್ತಾರೆ. ನಾನು ನಿನಗೆ ಬರೆಯುತ್ತಿದ್ದೇನೆ, ಏಕೆಂದು ಕೇಳು.

ನಮ್ಮಲ್ಲಿ ಯಾರೂ ಇಂಗ್ಲಿಷ್ ಕಲಿಯುವುದಿಲ್ಲ. ಕಡಲೆಬೇಳೆಯಷ್ಟು ದೊಡ್ಡ ಕಿವಿಗಿಳಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡರೆ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಕನ್ನಡವಾಗಿ ಕೇಳುತ್ತದೆ. ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಅದು ಸಾಕು. ಕೋಟೆಯಾಟದ ಕಣದಲ್ಲಿ ಮಾತ್ರ ಅದನ್ನು ಕಿತ್ತಿಟ್ಟು ಕೂರಬೇಕು. ಕೋಟೆಯಾಟ ನಿಮ್ಮ ಕಾಲದ ವಿಡಿಯೊ ಗೇಮ್‌ಗಳ ಮೊಮ್ಮಗ. ಒಂದು ಕಡೆಗೆ ಮೂವರು, ಕೋಟೆಯೊಳಗೆ ಎದುರಾಳಿ ಒಬ್ಬನೂ ಉಳಿಯದಂತೆ ಮಾಡಿದವರು ಗೆದ್ದಂತೆ. ಮೂವರಲ್ಲಿ ಒಬ್ಬರು ಕರೆಗಾರರು. ಹೋಗಿ, ನಿಲ್ಲಿ, ಬನ್ನಿ ಎಂದು ಹೇಳುವುದು ಅವರ ಕೆಲಸ. ನಮ್ಮೂರಿನ ಕರೆಗಾರ್ತಿಯ ಪೀಠ ನನ್ನ ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿದೆ. ಬಾಗಿಲಿಗೆ ಖಣದ ಬಟ್ಟೆಯ ತೋರಣ ಕಟ್ಟುವ ಹಕ್ಕು ಆ ಪೀಠದ ಮನೆಗೆ ಮಾತ್ರ. ನನ್ನ ಕಣ್ಣು ಮಂಜಾದ ಮೇಲೆ ಅದನ್ನು ಸೊಸೆ ಚಂಪಕಾಳಿಗೆ ಕೊಟ್ಟೆ. ನಾನು ಆಟದಲ್ಲಿ ಕೋಟೆಯ ಬಾಗಿಲು ಕಾಯಲು ನಿಂತೆ. ಮೂರನೆಯವಳು ನನ್ನ ನಾದಿನಿ ಕಸ್ತೂರೆವ್ವ, ಚಂಪಕಾಳಿಗೆ ಅವಳೂ ಅತ್ತೆಯೇ.

ಚಂಪಕಾಳ ಕಣ್ಣು ಹದ್ದಿನದು. ಆದರೆ ನಮ್ಮ ಮನೆಯಲ್ಲಿ ಸೊಸೆ ಅತ್ತೆಗೆ ಹೀಗೆ ಮಾಡಿ ಎಂದು ಹೇಳುವ ಪದ್ಧತಿಯಿಲ್ಲ. ಕೇಳಿಕೊಳ್ಳಬೇಕು. ಆ ಪದ್ಧತಿ ಕಲಿಸಿದವಳು ನಾನೇ, ಚೆನ್ನಾಗಿಯೇ ಕಲಿಸಿದ್ದೆ. ವರ್ಷದ ಮೊದಲ ಪಂದ್ಯದಲ್ಲಿ ಎದುರಾಳಿ ನನ್ನ ಬೆನ್ನಿಗೆ ಬಂದದ್ದನ್ನು ಕಂಡವಳು ಅವಳು. “ಅತ್ತಿ, ತ್ರಾಸ ಇಲ್ಲಂದ್ರ ಒಂಚೂರು ಹಿಂದ ಸರೀತೀರೇನ್ರಿ?” ಎಂದಳು. ಆ ಮಾತು ಮುಗಿಯುವ ಮೊದಲೇ ಆಟದಲ್ಲಿ ನಾನು ಸತ್ತಿದ್ದೆ. ಅತ್ತಿ ಎಂದದ್ದು ತನಗೇ ಎಂದುಕೊಂಡು ಹಿಂದೆ ತಿರುಗಿದ ಕಸ್ತೂರೆವ್ವನೂ ಸತ್ತಳು.

“ವೈನೀ, ನಿಮ್ಮ ಸೊಸಿ ಮರ್ಯಾದಿ ಕೊಟ್ಟು ಕೊಟ್ಟ ನಮ್ಮನ್ನ ಸ್ವರ್ಗಕ್ಕ ಕಳಿಸಿದ್ಲು ನೋಡ್ರಿ!” ಎಂದು ಅವಳು ಕಣದಲ್ಲೇ ನಕ್ಕಳು.

“ಆಟದಾಗ ನಾ ಅತ್ತಿ ಅಲ್ಲ. ಗದರಿಸಿ ಹೇಳು,” ಎಂದೆ ಚಂಪಕಾಳಿಗೆ.

“ನೀವು ಮಗ್ಗಲ್ದಾಗ ಕುಂತಿದ್ರ ನಾಲಿಗಿನ ಹೊರಳಂಗಿಲ್ರಿ.”

ಊರ ಹಿರಿಯರು ಮನೆಗೆ ಬಂದರು. ಇನ್ನೊಂದು ಪಂದ್ಯ ಸೋತರೆ ಪೀಠ ಬೇರೆ ಮನೆಗೆ ಹೋಗುತ್ತದೆ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಹೋದರು.

ಆಗ ಚಂಪಕಾ ಹಳೆಯ ಲೈವ್‌ಗಳ ಸಂಗ್ರಹದಿಂದ ನಿನ್ನನ್ನು ಹುಡುಕಿ ತೆಗೆದಳು. ಇಂಗ್ಲಿಷ್ ಬಾರದ ಹೆಣ್ಣುಮಕ್ಕಳಿಗೆ ನೀನು ಆಟದ ಶಬ್ದಗಳನ್ನು ಕಲಿಸುತ್ತಿದ್ದೆ. “ಅಕ್ಕಾರ, ಪುಶ್ ಅಂದ್ರ ಎಲ್ಲಾರೂ ಒಮ್ಮೆಲೆ ನುಗ್ಗೂದು, ಹಸದಾವ್ರು ಪ್ರಸಾದಕ್ಕ ನುಗ್ಗಿದಂಗ. ಹೋಲ್ಡ್ ಅಂದ್ರ ಕುಂತಲ್ಲೇ ಕುಂದರೂದು, ಹಾಲು ಉಕ್ಕೂತನಾ ಕಾದಂಗ.” ಫಾಲ್ ಬ್ಯಾಕ್ ಎಂದರೆ ಬೆನ್ನು ತೋರಿಸದೆ ಹಿಂದೆ ಸರಿಯುವುದು ಎಂದೂ ಹೇಳಿದೆ. ಈ ಶಬ್ದಗಳಲ್ಲಿ ಅತ್ತೆಯಿಲ್ಲ, ಸೊಸೆಯಿಲ್ಲ. ಅವು ಕಣದವು. ಚಂಪಕಾಳ ನಾಲಿಗೆ ಹೊರಳಿತು.

ನಾವು ಕಿವಿಗಿಳಿ ಕಿತ್ತಿಟ್ಟು ಅವನ್ನು ಅಡುಗೆಮನೆಗೆ ತಂದು ರೂಢಿ ಮಾಡಿದೆವು. ರೊಟ್ಟಿ ತಟ್ಟುತ್ತ ಅವಳು ಹೋಲ್ಡ್ ಎಂದರೆ ಎತ್ತಿದ ಕೈ ಎತ್ತಿದ ಹಾಗೆಯೇ ಇರಬೇಕು. ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಸರಿ. ಲೈವ್‌ನ ಶಬ್ದಗಳನ್ನೂ ಕಲಿತೆವು. ಚಾಟ್ ಎಂದರೆ ನೋಡುವವರು ಪರದೆಯ ಬದಿಯಲ್ಲಿ ಬರೆಯುವ ಮಾತು, ಮಾಡ್ ಎಂದರೆ ಅಲ್ಲಿ ಹೊಲಸು ಬರೆದವರನ್ನು ಹೊರಗೆ ಹಾಕುವವರು. ಆ ಕೆಲಸ ತನಗೇ ಬೇಕೆಂದು ಕಸ್ತೂರೆವ್ವ ಹಟ ಹಿಡಿದಳು. ಲ್ಯಾಗ್ ಎಂದರೆ ಹೇಳಿದ್ದು ತಡವಾಗಿ ಮುಟ್ಟುವುದು ಎಂದು ತಿಳಿದ ದಿನದಿಂದ ಗಂಡ ಉತ್ತರ ಕೊಡಲು ತಡಮಾಡಿದರೆ ಸಾಕು, “ಯಾಕ್ರೀ, ಮತ್ತ ಲ್ಯಾಗ್ ಆತೇನ?” ಎನ್ನುತ್ತಿದ್ದಳು.

ನಿನ್ನೆ ಪಂದ್ಯವಿತ್ತು. ಜಿಲ್ಲೆಯೆಲ್ಲ ಲೈವ್ ನೋಡುತ್ತಿತ್ತು. ಕೊನೆಯ ಸುತ್ತು. ಕಸ್ತೂರೆವ್ವ ಆಗಲೇ ಬಿದ್ದಿದ್ದಳು. ಎದುರಿಗೆ ಮೂವರು, ನಾವಿಬ್ಬರು. ಗಾಯಗೊಂಡ ಒಬ್ಬ ನನ್ನ ಬಾಗಿಲ ಮುಂದೆ ಸಿಕ್ಕ. ಅವನನ್ನು ಮುಗಿಸುವುದು ನನಗೆ ಎಡಗೈಯ ಕೆಲಸ. ಅಷ್ಟರಲ್ಲಿ ಚಂಪಕಾ ಕೂಗಿದಳು: “ಫಾಲ್ ಬ್ಯಾಕ್!”

ನನ್ನ ಕೈ ಒಪ್ಪಲಿಲ್ಲ. ಅವಳು ಹುಟ್ಟುವ ಮೊದಲಿನಿಂದ ನಾನು ಆಡಿದವಳು. ಅವಳು ಮತ್ತೆ ಕೂಗಿದಳು, ಜಿಲ್ಲೆಗೆಲ್ಲ ಕೇಳುವಂತೆ, ನನ್ನ ಮಗನನ್ನೂ ಹಾಗೆ ಗದರಿಸಿದವಳಲ್ಲ. ನಾನು ಹಿಂದೆ ಸರಿದೆ. ನಾನು ನಿಂತಿದ್ದ ಜಾಗಕ್ಕೆ ಬೆಂಕಿ ಬಿತ್ತು. ಗಾಯದವನು ಬರೀ ಎರೆ, ಉಳಿದಿಬ್ಬರು ಗೋಡೆಯ ಮರೆಯಲ್ಲಿದ್ದರು. ಮೂವರೂ ನನ್ನನ್ನು ಅಟ್ಟಿಸಿಕೊಂಡು ಒಳಗೆ ಬಂದರು. “ಹೋಲ್ಡ್,” ಎಂದಳು. ನಿಂತೆ. “ಪುಶ್!” ಎಂದಳು. ನುಗ್ಗಿದೆ. ಗಾಯದವನನ್ನು ಮುಗಿಸಿ ನಾನೂ ಬಿದ್ದೆ. ಉಳಿದಿಬ್ಬರ ಎದುರು ಚಂಪಕಾ ಒಬ್ಬಳೇ. ಮೆಟ್ಟಿಲ ಕೆಳಗಿನಿಂದ ಎದ್ದು ಇಬ್ಬರನ್ನೂ ಕೆಡವಿದಳು.

ಚಾಟ್‌ನಲ್ಲಿ ಒಬ್ಬ ಬರೆದ: “ಸೊಸಿ ಮಾತು ಕೇಳಾಕ ನಾಚಿಕಿ ಆಗ್ಲಿಲ್ಲೇನಬೇ ಅಜ್ಜಿ?” ಅವನನ್ನು ಹೊರಗೆ ಹಾಕಲು ಹೊರಟ ಕಸ್ತೂರೆವ್ವನನ್ನು ತಡೆದು ನಾನೇ ಉತ್ತರಿಸಿದೆ: “ಕೇಳದ ಸತ್ತಿದ್ರ ನಾಚಿಕಿ ಆಗ್ತಿತ್ತಪಾ.”

ಪೀಠ ನಮ್ಮ ಮನೆಯಲ್ಲೇ ಉಳಿಯಿತು. ಇಂದು ಬೆಳಿಗ್ಗೆ ತೋರಣ ಕಟ್ಟಿದವಳು ಚಂಪಕಾ. ಸ್ಟೂಲು ಹಿಡಿದು ನಿಂತವಳು ನಾನು.

ಈಗ ನನ್ನ ಕೋರಿಕೆ. ನಮಗೆ ಸಿಕ್ಕ ನಿನ್ನ ಕೊನೆಯ ಲೈವ್‌ನಲ್ಲಿ ನೀನು ಹೀಗೆ ಹೇಳುತ್ತೀಯ: “ಎಲ್ಲಾರೂ ಬಿದ್ದು ಒಬ್ರ ಉಳದು, ಆ ಒಬ್ರ ಆಟ ಗೆದ್ರ, ಅದಕ್ಕೊಂದು ಚಂದನ ಶಬ್ದ ಐತ್ರಿ, ನಾಳೆ ಹೇಳ್ತೀನಿ.” ಆಮೇಲೆ ಮುಖ ಸಪ್ಪಗೆ ಮಾಡಿ, “ಕೇಳೂವ್ರು ಇದ್ರ,” ಎನ್ನುತ್ತೀಯ. ಆ ನಾಳೆಯನ್ನು ನಾವು ಎಲ್ಲೆಲ್ಲೂ ಹುಡುಕಿದೆವು, ಸಿಗಲಿಲ್ಲ. ಅದು ಕಳೆದುಹೋಗಿರಬೇಕು ಎನ್ನುತ್ತಾಳೆ ಚಂಪಕಾ. ಬೇಸತ್ತು ಬಂದ್ ಮಾಡಿರಬೇಕು ಎನ್ನುತ್ತಾಳೆ ಕಸ್ತೂರೆವ್ವ.

ಈ ಕಾಗದ ಆ ಲೈವ್ ಮುಗಿದ ರಾತ್ರಿಯೇ ನಿನ್ನ ಕೈ ಸೇರುತ್ತದೆ. ಬಂದ್ ಮಾಡಬೇಡ. ನಾಳೆ ತಲೆ ಬಾಚಿಕೊಂಡು ಕ್ಯಾಮೆರಾ ಮುಂದೆ ಕೂತು ಆ ಶಬ್ದ ಹೇಳು. ನನ್ನ ಸೊಸೆ ಮಾಡಿದ ಕೆಲಸಕ್ಕೆ ನನ್ನ ಬಳಿ ಹೆಸರಿಲ್ಲ.

ನೀಲಗಂಗವ್ವ